ಬಾಯಿ ತೆರೆಯದ ಮಗು: ಓದುವಾಗ ಬರೆದಿಟ್ಟ ಟಿಪ್ಪಣಿ

ವಿಶೇಷ ಅಗತ್ಯದ ಮಕ್ಕಳ ಹಲ್ಲಿನ ಚಿಕಿತ್ಸೆಯ ಪಾಠ ಓದೋಕೆ ಕೂತಾಗ ಮೊದಲು ಬಿಡಬೇಕಾದ ಪದ ‘ಹಠ’. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸ್ಥಿತಿ), ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇರುವ ಮಗು ಬಾಯಿ ಬಿಗಿ ಹಿಡಿದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ.

ಆಟಿಸಂ ಇರುವ ಮಗುವಿನ ಜಾಗದಲ್ಲಿ ಕೂತು ನೋಡಿ. ಕಣ್ಣಿಗೆ ರಾಚುವ ಲೈಟು. ಕುರ್ಚಿ ಇದ್ದಕ್ಕಿದ್ದಂತೆ ಹಿಂದಕ್ಕೆ ವಾಲುತ್ತದೆ. ಗ್ಲೌಸಿನ ರಬ್ಬರ್ ವಾಸನೆ, ಪೇಸ್ಟಿನ ಪುದೀನ ಖಾರ, ಎಂಜಲು ಎಳೆಯುವ ಪೈಪಿನ ಸದ್ದು. ನಮಗೆ ಸಣ್ಣ ಕಿರಿಕಿರಿ, ಆ ಮಗುವಿಗೆ ತಡೆಯಲಾಗದ ಹಿಂಸೆ. ಕಪ್ಪು ಕನ್ನಡಕ, ಹೆಡ್‌ಫೋನ್, ರುಚಿಯಿಲ್ಲದ ಪೇಸ್ಟ್, ಮೊದಲೇ ವಾಲಿಸಿಟ್ಟ ಕುರ್ಚಿ ಇದ್ದರೆ ಎಷ್ಟೋ ಹಗುರ.

ಮಾತಿನ ಬಗ್ಗೆಯೂ ಎಚ್ಚರ ಬೇಕು. ‘ಹಲ್ಲಲ್ಲಿ ಹುಳ ಇದೆ’ ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ ಅಲ್ವಾ? ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ಮಗುವಿಗೆ ಬಾಯೊಳಗೆ ಹುಳ ಹರಿದಾಡಿದಂತೆಯೇ.

ಇನ್ನು ‘ಹೇಳು, ತೋರಿಸು, ಮಾಡು’ ವಿಧಾನ. 1959ರಲ್ಲಿ ದಂತವೈದ್ಯ ಆಡಲ್‌ಸ್ಟನ್ ಬರೆದದ್ದು, ಇವತ್ತಿಗೂ ಇದೇ ಅಡಿಪಾಯ. ‘ಇದು ಪುಟ್ಟ ಕನ್ನಡಿ’ ಎಂದು ಹೇಳಿ. ಮಗುವಿನ ಉಗುರಿಗೆ ಮುಟ್ಟಿಸಿ, ಆಮೇಲೆ ಕೆನ್ನೆಗೆ, ಆಮೇಲೆ ಬಾಯಿಯ ಮುಂಭಾಗದ ಒಂದೇ ಒಂದು ಹಲ್ಲಿಗೆ. ‘ಐದು ಎಣಿಸ್ತೀನಿ’ ಅಂದರೆ ಐದಕ್ಕೆ ಕೈ ತೆಗೆಯಲೇಬೇಕು. ‘ಇನ್ನೊಂದು ಚೂರು’ ಎಂದು ಏಳರವರೆಗೆ ಎಳೆದರೆ ಮುಂದಿನ ಸಲ ಮಗು ನಂಬುವುದಿಲ್ಲ. ಮೊದಲ ಭೇಟಿಯಲ್ಲಿ ಕುರ್ಚಿ ಮೇಲೆ ಕೂತು ಮನೆಗೆ ಹೋದರೂ ಅದು ಕೆಲಸ ಆದ ಹಾಗೆಯೇ. ಮನೆಯಲ್ಲಿ ಮೊದಲೇ ಕುರ್ಚಿ, ಲೈಟು, ಕನ್ನಡಿಯ ಫೋಟೋಗಳನ್ನು ಅದೇ ಕ್ರಮದಲ್ಲಿ ತೋರಿಸಿದ್ದರೆ ಇನ್ನೂ ಒಳ್ಳೆಯದು.

ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಿಗೆ ಹಲ್ಲಿಗೆ ಏನಾದರೂ ತಾಗಿದ ತಕ್ಷಣ ದವಡೆ ತಾನೇ ಮುಚ್ಚಿಕೊಳ್ಳುತ್ತದೆ. ಬೇಕೆಂದು ಕಚ್ಚಿದ್ದಲ್ಲ. ನುಂಗಲು ಕಷ್ಟವಿದ್ದರೆ ಪೂರ್ತಿ ಅಂಗಾತ ಮಲಗಿಸಬಾರದು. ಡೌನ್ ಸಿಂಡ್ರೋಮ್‌ನಲ್ಲಿ ಹಲ್ಲು ತಡವಾಗಿ ಬರುತ್ತದೆ, ವಸಡಿನ ಕಾಯಿಲೆ ಬೇಗ ಬರುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ ಅದನ್ನು ಕೇಳದೆ ಚಿಕಿತ್ಸೆ ಶುರು ಮಾಡಬೇಡಿ. ಯಾವ ಔಷಧಿ ಕೊಡುತ್ತಿದ್ದಾರೆ ಎಂದೂ ಕೇಳಿ: ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ವಸಡನ್ನು ಅತಿಯಾಗಿ ಬೆಳೆಸಬಹುದು, ಸಕ್ಕರೆ ಸಿರಪ್ ರಾತ್ರಿಯಿಡೀ ಹಲ್ಲಿಗೆ ಅಂಟಿಕೊಂಡಿರುತ್ತದೆ.

ಮನೆಯಲ್ಲಿ ಬ್ರಷ್ ಮಾಡಿಸೋದು ಬಚ್ಚಲಲ್ಲೇ ಆಗಬೇಕೆಂದಿಲ್ಲ. ನೆಲದ ಮೇಲೆ ಕೂತು, ಮಗುವಿನ ತಲೆ ತೊಡೆ ಮೇಲಿಟ್ಟುಕೊಂಡರೆ ಎಲ್ಲ ಹಲ್ಲು ಚೆನ್ನಾಗಿ ಕಾಣುತ್ತವೆ. ಫ್ಲೋರೈಡ್ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ಕ್ಕೆ ಬಟಾಣಿಯಷ್ಟು. ಉಗುಳಲು ಬಾರದಿದ್ದರೆ ಬಟ್ಟೆಯಿಂದ ಒರೆಸಿ.

ಡ್ರಿಲ್ ಸಹಿಸದ ಮಗುವಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕು ಮುಂದುವರಿಯದಂತೆ ತಡೆಯಬಹುದು. ಹುಳುಕಿನ ಜಾಗ ಕಪ್ಪಾಗುತ್ತದೆ. ಅದನ್ನು ಹಚ್ಚುವ ಮೊದಲೇ ತಂದೆತಾಯಿಗೆ ಹೇಳಬೇಕು. ತುಂಬಾ ಹಲ್ಲು ಹಾಳಾಗಿ ಬೇರೆ ದಾರಿಯೇ ಇಲ್ಲದಿದ್ದರೆ ಪೂರ್ಣ ಅರಿವಳಿಕೆ.

ನಾನು ಎರಡು ಗೆರೆ ಎಳೆದಿಟ್ಟ ಸಾಲು ಇದು: ಮಾತು ಬಾರದ ಮಗುವಿಗೆ ‘ಹಲ್ಲು ನೋವು’ ಎನ್ನಲು ಆಗುವುದಿಲ್ಲ. ಕೆನ್ನೆಗೆ ಹೊಡೆದುಕೊಳ್ಳುತ್ತದೆ, ಕೈ ಕಚ್ಚುತ್ತದೆ, ಊಟ ಬಿಡುತ್ತದೆ, ರಾತ್ರಿ ಎದ್ದು ಅಳುತ್ತದೆ. ‘ಇತ್ತೀಚೆಗೆ ಸಿಟ್ಟು ಜಾಸ್ತಿಯಾಗಿದೆ’ ಎಂದು ಅಮ್ಮ ಹೇಳಿದ ದಿನ ಮೊದಲು ಹಿಂದಿನ ದವಡೆ ಹಲ್ಲು ನೋಡಿ.