ಲಿಸ್ಬನ್‌ನಿಂದ ಅಥೆನ್ಸ್‌ಗೆ: 800 ಕಿ.ಮೀ. ಎಲ್ಲಿ ಜಾಸ್ತಿ ಬಂತು?

ಎರಡು ಊರುಗಳ ಅಕ್ಷಾಂಶ, ರೇಖಾಂಶ ಕೊಟ್ಟು ವಿಮಾನದ ದೂರ, ಸಮಯ ಕೇಳುವ ಲೆಕ್ಕ ಇದು. ನಿನ್ನೆ ರಾತ್ರಿಯೆಲ್ಲ ಇದರ ಜೊತೆ ಗುದ್ದಾಡಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಲಿಸ್ಬನ್ 38.72 ಉತ್ತರ, 9.14 ಪಶ್ಚಿಮ. ಅಥೆನ್ಸ್ 37.98 ಉತ್ತರ, 23.73 ಪೂರ್ವ. ಒಂದು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಇರುವುದರಿಂದ ರೇಖಾಂಶಗಳನ್ನು ಕೂಡಬೇಕು: 32.87 ಡಿಗ್ರಿ. ಅಕ್ಷಾಂಶ ಹೆಚ್ಚುಕಮ್ಮಿ ಒಂದೇ, ಸರಾಸರಿ 38.35.

ಡಿಗ್ರಿಗೆ 111 ಕಿ.ಮೀ. ಅಂತ ಬಾಯಿಪಾಠ ಇತ್ತಲ್ಲ, ಗುಣಿಸಿಬಿಟ್ಟೆ. 3,649 ಬಂತು. ಸರಿಯಾದ ಉತ್ತರ ಸುಮಾರು 2,850!

ಅಕ್ಷಾಂಶದ ಡಿಗ್ರಿಗಾದರೆ ಎಲ್ಲಿ ಹೋದರೂ ಸುಮಾರು 111. ರೇಖಾಂಶದ ಡಿಗ್ರಿಗೆ ಅಷ್ಟಿರುವುದು ಸಮಭಾಜಕ ವೃತ್ತದ ಮೇಲೆ ಮಾತ್ರ. ಕಿತ್ತಳೆ ತೊಳೆ ನೆನಪಿಸಿಕೊಳ್ಳಿ. ನಡುವೆ ದಪ್ಪ, ತುದಿಗೆ ಹೋಗ್ತಾ ಹೋಗ್ತಾ ಚೂಪು. ಎರಡು ರೇಖಾಂಶಗಳ ನಡುವಿನ ಜಾಗವೂ ಧ್ರುವದ ಕಡೆ ಹಾಗೇ ಕಿರಿದಾಗುತ್ತದೆ. ಎಷ್ಟು ಕಿರಿದು ಅಂತ ಹೇಳುವುದು ಅಕ್ಷಾಂಶದ ಕಾಸ್ (ತ್ರಿಕೋನಮಿತಿಯ ಕೊಸೈನ್). ಕಾಸ್ 38.35 ಅಂದರೆ 0.784. ಅದರಿಂದ ಗುಣಿಸಿದರೆ 2,860. ಅಬ್ಬಾ!

ಇಷ್ಟು ದಿನ ಈ ತಪ್ಪು ಯಾಕೆ ಗೊತ್ತಾಗಲಿಲ್ಲ? ನಾನು ಯಾವಾಗಲೂ ಬೆಂಗಳೂರು–ಚೆನ್ನೈ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ. ಎರಡೂ 13 ಡಿಗ್ರಿ ಹತ್ತಿರ, ಕಾಸ್ 0.974. ಅದನ್ನು ಬಿಟ್ಟರೆ 297, ಸೇರಿಸಿದರೆ 290. ಏಳು ಕಿಲೋಮೀಟರಿಗೆ ಯಾರು ತಲೆ ಕೆಡಿಸಿಕೊಳ್ತಾರೆ?

ಈಗ ನನ್ನ ಅಚ್ಚುಮೆಚ್ಚಿನ ಉಪಾಯ: 60 ಅಂದ್ರೆ ಅರ್ಧ. ಕಾಸ್ 60 ಸರಿಯಾಗಿ 0.5. ಓಸ್ಲೋ, ಹೆಲ್ಸಿಂಕಿ ಎರಡೂ 60 ಡಿಗ್ರಿ ಆಸುಪಾಸು, ರೇಖಾಂಶದ ಅಂತರ 14.2. ಡಿಗ್ರಿಗೆ 55.5 ಹಾಕಿದರೆ 788 ಕಿ.ಮೀ. ಬಾಯಲ್ಲೇ ಲೆಕ್ಕ ಮುಗೀತು.

ಇದೇ ಉಪಾಯ ಕ್ಯಾಲ್ಕುಲೇಟರನ್ನೂ ಪರೀಕ್ಷಿಸುತ್ತದೆ. ಮೊದಲು ಕಾಸ್ 60 ಒತ್ತಿ. 0.5 ಬರದಿದ್ದರೆ ಅದು ಡಿಗ್ರಿಯ ಬದಲು ರೇಡಿಯನ್ ಅನ್ನುವ ಬೇರೆ ಕೋನಮಾನದಲ್ಲಿರಬಹುದು. ನನ್ನದು ಹಾಗೇ ಇತ್ತು. ತಮಾಷೆ ಅಂದ್ರೆ, ರೇಡಿಯನ್‌ನಲ್ಲಿ ಕಾಸ್ 38.35 ಒತ್ತಿದರೂ 0.796 ಬರುತ್ತದೆ! ಉತ್ತರ 2,900 ಆಗಿ, ಸರಿಯೇ ಇರಬೇಕು ಅಂದುಕೊಂಡು ಪುಟ ತಿರುಗಿಸಿದ್ದೆ.

2,860 ಯಾಕೆ 2,850 ಆಯ್ತು? ಅತಿ ಹತ್ತಿರದ ದಾರಿ ಮಹಾವೃತ್ತದ್ದು, ಅಂದರೆ ಭೂಮಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ್ದು. ಅದು ಸ್ವಲ್ಪ ಉತ್ತರಕ್ಕೆ ಬಾಗಿ, ಇಟಲಿಯ ಸಾರ್ಡಿನಿಯಾ ದ್ವೀಪದ ದಕ್ಷಿಣ ಭಾಗದ ಮೇಲೆ ಹಾಯುತ್ತದೆ. ಇಲ್ಲಿ ಅದರಿಂದ ಉಳಿಯುವುದು ಹತ್ತು–ಹದಿನೈದು ಕಿಲೋಮೀಟರ್ ಅಷ್ಟೇ.

ಸಮಯ ಸುಲಭ. ಗಂಟೆಗೆ 830 ಕಿ.ಮೀ. ಅಂತ ಹಿಡಿದರೆ 3 ಗಂಟೆ 26 ನಿಮಿಷ. ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ: 4 ಗಂಟೆಗೆ ನಾಲ್ಕು ನಿಮಿಷ ಕಮ್ಮಿ. ವಾಪಸ್ ಬರುವಾಗ ಪಶ್ಚಿಮದ ಗಾಳಿ ಎದುರಾಗುವುದರಿಂದ ಸಾಮಾನ್ಯವಾಗಿ ಜಾಸ್ತಿ ಹಿಡಿಯುತ್ತದೆ. 4 ಗಂಟೆ 20 ನಿಮಿಷ ಅಂತ ಇಟ್ಟುಕೊಳ್ಳೋಣ.

ಅಥೆನ್ಸ್ ಗಡಿಯಾರ ವರ್ಷವಿಡೀ ಎರಡು ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ 1ಕ್ಕೆ ಹೊರಟರೆ ಲಿಸ್ಬನ್‌ನಲ್ಲಿ 3:20. ಬರೀ ಕಳೆದುನೋಡಿದರೆ 2 ಗಂಟೆ 20 ನಿಮಿಷ. ಅಂದರೆ ಗಂಟೆಗೆ 1,200 ಕಿ.ಮೀ.ಗಿಂತ ಜಾಸ್ತಿ ವೇಗ! ಅಂಥ ಸಂಖ್ಯೆ ಕಂಡ ತಕ್ಷಣ ಆ ಎರಡು ಗಂಟೆ ಸೇರಿಸಿ.