ಕುದುರೆ ಮುಂದೆ ಕಟ್ಟಬೇಡಿ ಸ್ವಾಮಿ

ಮ್ಯೂಸಿಯಂಗೆ, ಸಿನಿಮಾ ಸೆಟ್‌ಗೆ ಅಂತ ಹಳೇ ಕಲ್ಲಿದ್ದಲು ಗಾಡಿಗಳ ಚಿತ್ರ ಬರೆದು ನನ್ನ ಹತ್ತಿರ ತರುವವರೆಲ್ಲ ಹೆಚ್ಚುಕಡಿಮೆ ಒಂದೇ ತಪ್ಪು ಮಾಡುತ್ತಾರೆ. ಗಾಡಿ ಸರಿ, ಚಕ್ರ ಸರಿ. ಆದರೆ ತುಂಬಿದ ಗಾಡಿ ಕಡಿದಾದ ಇಳಿಜಾರಿನಲ್ಲಿ ಇಳಿಯುತ್ತಿದ್ದರೂ ಮುಂದೊಂದು ಕುದುರೆ ಕತ್ತು ಬಗ್ಗಿಸಿ ಎಳೆಯುತ್ತಿರುತ್ತದೆ! ಅದು ಯಾಕೆ ಎಳೆಯಬೇಕು ಹೇಳಿ?

ಇಂಗ್ಲೆಂಡಿನ ಟೈನ್ ನದಿ ಸುತ್ತ ಹಳಿ ಮೇಲೆ ಓಡುತ್ತಿದ್ದ ಚಾಲ್ಡ್ರನ್ ಗಾಡಿಯನ್ನೇ ತೆಗೆದುಕೊಳ್ಳಿ. ಚಾಲ್ಡ್ರನ್ ಅಂದರೆ ಕಲ್ಲಿದ್ದಲು ಅಳೆಯುವ ಹಳೇ ಅಳತೆ, ಒಂದು ಗಾಡಿಗೆ ಒಂದು ಚಾಲ್ಡ್ರನ್. ಅದರ ಲೋಡು 53 ಹಂಡ್ರೆಡ್‌ವೇಟ್, ಸುಮಾರು 2.7 ಟನ್. (ಸುಂಕ ಚಾಲ್ಡ್ರನ್ ಲೆಕ್ಕದಲ್ಲಿತ್ತಲ್ವಾ, ಹಾಗಾಗಿ ಚಾಲ್ಡ್ರನ್ನೇ ವರ್ಷದಿಂದ ವರ್ಷಕ್ಕೆ ದಪ್ಪಗಾಯಿತು. ಕೊನೆಗೆ 17ನೇ ಶತಮಾನದಲ್ಲಿ ಕಾನೂನು ಮಾಡಿ ತೂಕ ಗೊತ್ತುಮಾಡಿದರು. ಜನ ಎಲ್ಲಾ ಕಡೆ ಒಂದೇ.) ಗಣಿ ಮೇಲೆ, ನದಿ ಕೆಳಗೆ. ತುಂಬಿದ್ದು ಇಳಿಯಬೇಕು, ಖಾಲಿಯದು ಹತ್ತಬೇಕು.

ಅಂದರೆ ಕಷ್ಟ ಇದ್ದದ್ದು ಎಳೆಯುವುದರಲ್ಲಲ್ಲ, ತಡೆಯುವುದರಲ್ಲಿ. ಭಾರದ ಎತ್ತಿನಗಾಡಿ ಇಳಿಜಾರಿನಲ್ಲಿ ಎತ್ತುಗಳ ಮೇಲೇ ನುಗ್ಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಿದಾದ ಜಾಗ ಬಂದಾಗ ಕುದುರೆ ಬಿಚ್ಚಿ ಗಾಡಿಯ ಹಿಂದೆ ಕಟ್ಟುತ್ತಿದ್ದರು. ಗಾಡಿಯವನು ಉದ್ದನೆಯ ಮರದ ಸನ್ನೆಗೋಲಿನ ಮೇಲೆ ಕೂತು, ತನ್ನ ಮೈಭಾರದಿಂದಲೇ ಅದನ್ನು ಹಿಂದಿನ ಚಕ್ರಕ್ಕೆ ಒತ್ತುತ್ತಿದ್ದ. ಬ್ರೇಕ್ ಅಂದರೆ ಅದೇ. ಹಳಿಯೂ ಮರದ್ದು. ಮಳೆ ಬಂದರೆ ಜಾರುತ್ತಿತ್ತು, ಬೂದಿ ಎರಚಬೇಕಿತ್ತು. ಆಗ ಕುದುರೆ ಮುಂದಿದ್ದಿದ್ದರೆ ಅದರ ಗತಿ ಏನು?

ಎಲ್ಲ ದಾರಿಯೂ ಹೀಗೇ ಅಂತ ನಾನು ಹೇಳುವುದಿಲ್ಲ. ಸಮತಟ್ಟಿನಲ್ಲಿ ಕುದುರೆ ಮುಂದೆಯೇ ಇರಲಿ. ದಾರಿಯ ಇಳಿಜಾರು ಎಷ್ಟು ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಪೆನ್ಸಿಲ್ ಹಿಡಿಯಿರಿ. 1826ರಲ್ಲಿ ರೈಲ್ವೆ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಅದೇ ಸೀಮೆಯ ಸ್ಪ್ರಿಂಗ್‌ವೆಲ್‌ನಲ್ಲಿ ಮಾಡಿದ ಇಳಿಜಾರಿನಲ್ಲಂತೂ ಕುದುರೆಯೇ ಬೇಕಿರಲಿಲ್ಲ. ಇಳಿಯುವ ತುಂಬಿದ ಗಾಡಿಗಳೇ ಹಗ್ಗದಿಂದ ಖಾಲಿ ಗಾಡಿಗಳನ್ನು ಮೇಲಕ್ಕೆಳೆಯುತ್ತಿದ್ದವು.

ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲೂ ಟಬ್, ಅಂದರೆ ಹಳಿ ಮೇಲಿನ ಸಣ್ಣ ಗಾಡಿ, ಓಡಿಸಿದವರ ಭಯ ಇದೇ: ಇಳಿಜಾರಿನಲ್ಲಿ ಗಾಡಿ ಕೈತಪ್ಪಿ ಓಡುವುದು. ಮೇಲೆ ಹತ್ತುವ ಸಾಲಿನ ಕೊನೇ ಟಬ್ಬಿಗೆ ಬ್ಯಾಕ್‌ಸ್ಟೇ ಅಂತ ಕಬ್ಬಿಣದ ಕೋಲು ತಗುಲಿಸುತ್ತಾರೆ. ರೋಪ್ ಕಡಿದು ಟಬ್ ಹಿಂದಕ್ಕೆ ಹೊರಟರೆ ಕೋಲು ನೆಲಕ್ಕೆ ನಾಟಿ ತಡೆಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಒಬ್ಬ ಹುಡುಗ, "ಕುದುರೆ ಹಿಂದೆ ಇದ್ರೆ ಚಿತ್ರ ಚೆನ್ನಾಗಿರಲ್ಲ ಸಾರ್" ಅಂದ. ಒಳ್ಳೇ ಹುಡುಗ, ಕೈ ಚೆನ್ನಾಗಿದೆ. ಸನ್ನೆಗೋಲಿನ ಮೇಲೆ ಕೂತವನನ್ನು ದೊಡ್ಡದಾಗಿ ಬರಿ, ಕುದುರೆ ಕಡೆ ಯಾರೂ ನೋಡಲ್ಲ ಅಂದೆ. ಮುಂದಿನ ವಾರ ತರ್ತೀನಿ ಅಂದಿದ್ದಾನೆ.