ಯಾವ ಚಾಮುಂಡೇಶ್ವರಿ, ಸ್ವಾಮಿ?

ಚುನಾವಣೆಗೆ ಇನ್ನೂ ವರ್ಷ ಇರುವಾಗಲೇ ಟಿಕೆಟ್ ಆಕಾಂಕ್ಷಿಗಳು ನಮ್ಮ ಆಫೀಸಿನ ಮೆಟ್ಟಿಲು ಹತ್ತೋಕೆ ಶುರು ಮಾಡುತ್ತಾರೆ. ಬೂತ್‌ವಾರು ಲೆಕ್ಕ ತೆಗೆದುಕೊಡುವುದು ನನ್ನ ಕಸುಬು. ಬಂದವರು ಕೂರುವ ಮೊದಲೇ ಕೇಳುವುದು ಒಂದೇ ಮಾತು: "ಸಾರ್, ನಮ್ಮ ಕ್ಷೇತ್ರದ 40 ವರ್ಷದ ರಿಸಲ್ಟ್ ಒಂದು ಶೀಟಲ್ಲಿ ಹಾಕಿಕೊಡಿ."

ಹಾಕಿಕೊಡಬಹುದು. ಆದರೆ ಯಾವ ಕ್ಷೇತ್ರದ್ದು?

ನಾನು ಹೀಗೆ ಕೇಳಿದರೆ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಹೋದ ಸಲ ಒಬ್ಬರು ಮೈಸೂರಿನ ಚಾಮುಂಡೇಶ್ವರಿ ಕ್ಷೇತ್ರದ ಲೆಕ್ಕ ಬೇಕು ಅಂತ ಬಂದಿದ್ದರು. 1983ರಿಂದ ಯಾರು ಗೆದ್ದರು, ಎಷ್ಟು ಅಂತರ ಅಂತ ನೋಟ್‌ಬುಕ್ಕಿನಲ್ಲಿ ಅವರೇ ಬರೆದುಕೊಂಡಿದ್ದರು. ಅಕ್ಷರ ಬಲು ಚೆಂದ. ಕೆಳಗೆ ಗೀಟು ಎಳೆದು ಪ್ರತಿ ಪಕ್ಷದ ಸರಾಸರಿಯನ್ನೂ ತೆಗೆದಿದ್ದರು. ಆ ಸರಾಸರಿ ನೋಡಿ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಯಾಕೆ ಅಂದರೆ 2004ರ ಚಾಮುಂಡೇಶ್ವರಿಯೇ ಬೇರೆ, 2008ರ ಚಾಮುಂಡೇಶ್ವರಿಯೇ ಬೇರೆ. ಹೆಸರು ಮಾತ್ರ ಒಂದೇ. 1978ರಿಂದ 2004ರವರೆಗಿನ ಗಡಿ 1971ರ ಜನಗಣತಿಯ ಮೇಲೆ ಹಾಕಿದ್ದು. ಆಮೇಲೆ ಕ್ಷೇತ್ರಗಳ ಮರುವಿಂಗಡಣೆಗೆ ಕೂತ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿ ಇಟ್ಟುಕೊಂಡು ಹೊಸದಾಗಿ ಗಡಿ ಎಳೆಯಿತು. ಆ ಗಡಿಯಲ್ಲಿ ವಿಧಾನಸಭೆ ಚುನಾವಣೆ ಮೊದಲು ನಡೆದದ್ದು ನಮ್ಮ ರಾಜ್ಯದಲ್ಲೇ, 2008ರಲ್ಲಿ. ಒಟ್ಟು ಸೀಟು 224 ಹಾಗೇ ಉಳಿಯಿತು. ಅದಕ್ಕೇ ಏನೂ ಬದಲಾಗಿಲ್ಲ ಅಂತ ಜನಕ್ಕೆ ಅನ್ನಿಸುತ್ತದೆ. ಒಳಗೆ ಬೆಂಗಳೂರಿನ ಸೀಟು 16 ಇದ್ದದ್ದು 28 ಆಯಿತು. ಅಷ್ಟು ಸೀಟು ಎಲ್ಲಿಂದ ಬಂತು? ಬೇರೆ ಜಿಲ್ಲೆಗಳಲ್ಲಿ ಕ್ಷೇತ್ರಗಳು ಕರಗಿದವು.

ಮೈಸೂರು ತಾಲೂಕಿನಲ್ಲಿ ಆದದ್ದು ಇಷ್ಟು. ಟಿ. ನರಸೀಪುರ ರಸ್ತೆ ಕಡೆಯ ವರುಣಾ ಹೋಬಳಿ ಚಾಮುಂಡೇಶ್ವರಿಯಿಂದ ಹೊರಗೆ ಹೋಯಿತು. ಅದಕ್ಕೆ ನಂಜನಗೂಡು ತಾಲೂಕಿನ ಸುತ್ತೂರು, ತಗಡೂರಿನಂಥ ಊರುಗಳೂ ಟಿ. ನರಸೀಪುರ ತಾಲೂಕಿನ ಒಂದಷ್ಟು ಊರುಗಳೂ ಸೇರಿ 'ವರುಣಾ' ಅಂತ ಹೊಸ ಕ್ಷೇತ್ರ ಆಯಿತು. ಚಾಮುಂಡೇಶ್ವರಿಗೆ ಉಳಿದದ್ದು ಇಲವಾಲ, ಜಯಪುರ ಹೋಬಳಿ ಮತ್ತು ನಗರದ ಅಂಚಿನ ಬಡಾವಣೆಗಳು. ಲೋಕಸಭೆಗೆ ಬಂದರೆ ಇನ್ನೂ ವಿಚಿತ್ರ. ಚಾಮುಂಡೇಶ್ವರಿ ಮೈಸೂರು ಕ್ಷೇತ್ರಕ್ಕೆ, ವರುಣಾ ಚಾಮರಾಜನಗರಕ್ಕೆ. ಒಂದೇ ತಾಲೂಕಿನ ಅಣ್ಣ-ತಮ್ಮಂದಿರು ಇಬ್ಬರು ಎಂಪಿಗಳಿಗೆ ಓಟು ಹಾಕುತ್ತಾರೆ.

ಇದೇ ಕಾರಣಕ್ಕೆ ಸಿದ್ದರಾಮಯ್ಯನವರ ಹುಟ್ಟೂರು ಸಿದ್ದರಾಮನಹುಂಡಿ ಈಗ ಇರುವುದು ವರುಣಾದಲ್ಲಿ. ಹಳೇ ಚಾಮುಂಡೇಶ್ವರಿಯಲ್ಲಿ ಅವರು ಐದು ಸಲ ಗೆದ್ದರು: 1983, 1985, 1994, 2004, ಮತ್ತೆ 2006ರ ಉಪಚುನಾವಣೆ. ಆ ಉಪಚುನಾವಣೆಯ ಅಂತರ ಬರೀ 257 ಓಟು. 1989 ಮತ್ತು 1999ರಲ್ಲಿ ಅಲ್ಲೇ ಸೋತಿದ್ದರು. 2008, 2013ರಲ್ಲಿ ವರುಣಾದಿಂದ ಗೆದ್ದು, 2018ರಲ್ಲಿ ಮತ್ತೆ ಚಾಮುಂಡೇಶ್ವರಿಗೆ ಬಂದಾಗ 'ಹಳೇ ಮನೆಗೆ ವಾಪಸ್' ಅಂತ ಎಲ್ಲರೂ ಮಾತಾಡಿದರು. ಹಳೇ ಮನೆಯ ಅರ್ಧ ಅಂಗಳ ಪಕ್ಕದ ಸೈಟಿಗೆ ಹೋಗಿ ಹತ್ತು ವರ್ಷ ಆಗಿತ್ತು! ಜಿ.ಟಿ. ದೇವೇಗೌಡರು 36,042 ಓಟಿನಿಂದ ಗೆದ್ದರು. ಅದೇ ದಿನ ವರುಣಾದಲ್ಲಿ ಸಿದ್ದರಾಮಯ್ಯನವರ ಮಗ ಯತೀಂದ್ರ ಆರಾಮಾಗಿ ಗೆದ್ದರು.

ಗಡಿ ಬದಲಾದದ್ದಕ್ಕೇ ಸೋತರು ಅಂತ ನಾನು ಹೇಳುತ್ತಿಲ್ಲ, ಹಾಗಂತ ಯಾರೂ ಬರೆದುಕೊಳ್ಳಬೇಡಿ. ಅಷ್ಟು ದೊಡ್ಡ ಅಂತರಕ್ಕೆ ಒಂದೇ ಕಾರಣ ಇರುವುದಿಲ್ಲ. ದೇವೇಗೌಡರು 2013ರಲ್ಲೂ ಅಲ್ಲಿ ಗೆದ್ದಿದ್ದವರು. ನನ್ನ ತಕರಾರು ನೋಟ್‌ಬುಕ್ಕಿನ ಆ ಸರಾಸರಿಯ ಬಗ್ಗೆ ಮಾತ್ರ. 1994ರ ಓಟಿನಲ್ಲಿ ಸಿದ್ದರಾಮನಹುಂಡಿ ಇದೆ, 2018ರ ಓಟಿನಲ್ಲಿ ಇಲ್ಲ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ನಂಬರು ಯಾವ ಊರಿನದ್ದೂ ಅಲ್ಲ.

ಇದರ ತಿರುವು ಮುರುವೂ ಉಂಟು. ಕನಕಪುರ ತಾಲೂಕಿನ ಸಾತನೂರು ಕ್ಷೇತ್ರ 2008ರಲ್ಲಿ ಪಟ್ಟಿಯಿಂದಲೇ ಮಾಯವಾಯಿತು. ಅಲ್ಲಿ 1989ರಿಂದ ಗೆಲ್ಲುತ್ತಾ ಬಂದಿದ್ದ ಡಿ.ಕೆ. ಶಿವಕುಮಾರ್ ಆಮೇಲೆ ಕನಕಪುರಕ್ಕೆ ಬಂದರು. ಕನಕಪುರದ ಹಳೇ ರಿಸಲ್ಟ್ ಮಾತ್ರ ತೆಗೆದರೆ ಸಾತನೂರಿನ ಕಥೆ ಸಿಗುವುದೇ ಇಲ್ಲ. ನಂಜನಗೂಡಿನದ್ದು ಇನ್ನೊಂದು ಥರ. 2008ರಲ್ಲಿ ಅದು ಪರಿಶಿಷ್ಟ ಜಾತಿ ಮೀಸಲು ಆಯಿತು. ಅಭ್ಯರ್ಥಿಗಳ ಪಟ್ಟಿಯೇ ಬದಲಾದ ಮೇಲೆ 2004ರ ಜತೆ ಹೋಲಿಸಿ ಏನು ಸಿಗುತ್ತದೆ?

ಸರಿಯಾಗಿ ಮಾಡಬೇಕು ಅಂದರೆ ಬೂತ್‌ನಿಂದ ಬೂತ್‌ಗೆ ಹೋಗಬೇಕು. ಫಾರ್ಮ್ 20 ಅಂತ ಒಂದು ಶೀಟು ಇದೆ, ಪ್ರತಿ ಬೂತಿನಲ್ಲಿ ಯಾರಿಗೆಷ್ಟು ಅನ್ನುವುದು ಅದರಲ್ಲಿರುತ್ತದೆ. ನಮಗೆ ಸಿಗುವುದು ಹೆಚ್ಚಾಗಿ ಸೊಟ್ಟಗೆ ಸ್ಕ್ಯಾನ್ ಮಾಡಿದ ಪ್ರತಿ. 3 ಯಾವುದು 8 ಯಾವುದು ಅಂತ ಭೂತಗನ್ನಡಿ ಹಿಡಿದು ನೋಡಬೇಕು. ಬೂತ್ ನಂಬರು ನಂಬುವ ಹಾಗಿಲ್ಲ, ಮತದಾರರು ಜಾಸ್ತಿಯಾದರೆ ಒಂದು ಬೂತ್ ಎರಡಾಗಿ ಮುಂದಿನ ನಂಬರೆಲ್ಲ ಜರುಗುತ್ತದೆ. ನಂಬಬಹುದಾದದ್ದು ಕಟ್ಟಡ: 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಪೂರ್ವದ ಕೊಠಡಿ'. ಒಮ್ಮೆ ಅದೂ ಕೈಕೊಟ್ಟಿತು. ಹಳೇ ಶಾಲೆ ಬೀಳಿಸಿದ್ದರು. ಯಾವ ಬೀದಿಯವರು ಆ ಕೊಠಡಿಯಲ್ಲಿ ಓಟು ಹಾಕುತ್ತಿದ್ದರು ಅಂತ ಕೊನೆಗೆ ಹೇಳಿದ್ದು ಶಾಲೆ ಎದುರು ಟೀ ಅಂಗಡಿ ಇಟ್ಟಿದ್ದ ಅಜ್ಜಿ. "ಆ ಕಡೆ ಕೇರಿಯೋರೆಲ್ಲ ಈ ಬಾಗ್ಲಲ್ಲೇ ಬರೋರು ಕಣಪ್ಪ" ಅಂತ ಬೆರಳು ತೋರಿಸಿದರು. ಅದನ್ನೇ ನಕ್ಷೆಯಲ್ಲಿ ಹಾಕಿದೆ.

ಸೀಟುಗಳ ಲೆಕ್ಕವನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಟ್ಟುವ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇದೆ. ಆ ಕಾಲ ಹತ್ತಿರ ಬಂತು ಅಂತ ಎಲ್ಲರಿಗೂ ಗೊತ್ತು. ಮೊನ್ನೆ ನೋಟ್‌ಬುಕ್ಕಿನವರು ಮತ್ತೆ ಬಂದಿದ್ದರು. ಸರಾಸರಿಯ ಪುಟ ಹರಿದು ಹಾಕಿದ್ದರು, ಖುಷಿಯಾಯಿತು. ಟೀ ಕುಡಿದು ಮೆಲ್ಲಗೆ ಕೇಳಿದರು: "ಹೊಸ ವಿಂಗಡಣೇಲಿ ನಮ್ಮ ಹೋಬಳಿ ಯಾವ ಕಡೆ ಹೋಗುತ್ತೆ ಸಾರ್?" ಗೊತ್ತಿಲ್ಲ ಅಂದೆ. ನಂಬಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ನಿಂತು, "ನಮಗೆ ಮಾತ್ರ ಹೇಳಿ, ಯಾರಿಗೂ ಹೇಳಲ್ಲ" ಅಂದರು.